ಹಿತ್ತಲ ಕೋಳಿಗಳಿಗೆ ಕುಡಿಯುವ ನೀರು: ವ್ಯವಸ್ಥೆಯ ಆಯ್ಕೆ, ಜೋಡಣೆ ಮತ್ತು ನಿರ್ವಹಣೆ

ಕೋಳಿ ನೀರು ಕುಡಿಯುವುದನ್ನು ಐದು ನಿಮಿಷ ಕುಳಿತು ನೋಡಿದರೆ ಈ ವಿಷಯದ ಅರ್ಧ ತಿಳಿವಳಿಕೆ ಅಲ್ಲಿಯೇ ಸಿಗುತ್ತದೆ. ಅದು ಹಸುವಿನಂತೆ ನೀರನ್ನು ಹೀರಲಾರದು. ಕೊಕ್ಕನ್ನು ಅದ್ದಿ, ಒಂದಿಷ್ಟು ನೀರನ್ನು ಮೊಗೆದು, ತಲೆಯೆತ್ತಿ ಕತ್ತು ನೀಡಿ, ನೀರು ತಾನಾಗಿಯೇ ಗಂಟಲಿಗೆ ಇಳಿಯುವವರೆಗೆ ಕಾಯುತ್ತದೆ, ಮತ್ತೆ ಬಗ್ಗುತ್ತದೆ. ಹೀಗೆ ಬಗ್ಗಿದಷ್ಟು ಸಲವೂ ಕೊಕ್ಕಿಗೆ ಅಂಟಿದ ಮೇವಿನ ಹಿಟ್ಟು, ಆಗಷ್ಟೇ ಕೆದಕಿದ ಮಣ್ಣು, ಬಾಯಿಯ ಜೊಲ್ಲು ಎಲ್ಲವೂ ನೀರಿಗೆ ಸೇರುತ್ತವೆ. ತೆರೆದ ಪಾತ್ರೆಯಾದರೆ ಕಾಲಿನಿಂದ ಚಿಮ್ಮಿದ ಹಾಸೂ ಹಿಕ್ಕೆಯೂ ಅದರೊಳಗೇ ಬೀಳುತ್ತವೆ. ಕೋಳಿಯ ಮುಂದಿಟ್ಟ ನೀರು ಕೊಳೆಯಾಗುವುದು ಅಪರೂಪದ ಸಂಗತಿಯಲ್ಲ, ಕುಡಿಯುವ ರೀತಿಯಿಂದಲೇ ಅದು ಕೊಳೆಯಾಗುತ್ತದೆ.

ಆದ್ದರಿಂದ ನೀರಿನ ವ್ಯವಸ್ಥೆಯನ್ನು ಆರಿಸುವಾಗ ಒಮ್ಮೆ ತುಂಬಿಸಿದರೆ ಎಷ್ಟು ದಿನ ಬರುತ್ತದೆ ಎಂದು ಕೇಳುವ ಮೊದಲು, ಇದನ್ನು ಎಷ್ಟು ಸಲೀಸಾಗಿ ತೊಳೆಯಬಹುದು ಎಂದು ಕೇಳಬೇಕು. ಹಲವು ಬಗೆಯ ಪಾತ್ರೆಗಳನ್ನು ಬಳಸಿ ನೋಡಿದ ಮೇಲೆ ನಾನು ಪಾಲಿಸುತ್ತಿರುವ ನಿಯಮ ಇದು: ಕೈ ಒಳಗೆ ಹೋಗದ, ಬ್ರಷ್ಷು ಮೂಲೆಯನ್ನು ಮುಟ್ಟದ ಪಾತ್ರೆ ಎಷ್ಟೇ ಚೆಂದವಿದ್ದರೂ ಅದನ್ನು ಕೊಳ್ಳಬಾರದು.

ಮೊದಲು ಲೆಕ್ಕ: ಎಷ್ಟು ನೀರು ಬೇಕು

ಮೊಟ್ಟೆಯಿಡುವ ಒಂದು ಹೇಂಟೆ ಹಿತವಾದ ಹವೆಯಲ್ಲಿ ದಿನಕ್ಕೆ ಸುಮಾರು 200ರಿಂದ 250 ಮಿಲಿಲೀಟರ್ ನೀರು ಕುಡಿಯುತ್ತದೆ. ಅದು ತಿನ್ನುವ ಮೇವಿನ ತೂಕದ ಸುಮಾರು ಎರಡು ಪಟ್ಟು ಎಂದು ನೆನಪಿಟ್ಟುಕೊಂಡರೆ ಸಾಕು. ಬಿಸಿಲು ಏರಿದಂತೆ ಈ ಪ್ರಮಾಣವೂ ಏರುತ್ತದೆ. ಕಡು ಬೇಸಿಗೆಯಲ್ಲಿ ಅರ್ಧ ಲೀಟರ್ ಮುಟ್ಟುವುದುಂಟು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತ, ಉಸಿರಿನ ಹಾದಿಯಲ್ಲಿರುವ ತೇವವನ್ನು ಆವಿಯಾಗಿಸಿಯೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು, ಹಾಗೆ ಕಳೆದುಕೊಂಡ ನೀರನ್ನು ಕುಡಿದೇ ತುಂಬಿಕೊಳ್ಳಬೇಕು.

ಮೊಟ್ಟೆಯ ಚಿಪ್ಪಿನೊಳಗೆ ಇರುವುದರಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ತಿಂದ ಒಣ ಮೇವು ಕತ್ತಿನ ಬುಡದಲ್ಲಿರುವ ಮೇವುಚೀಲದಲ್ಲಿ ನೆನೆದು ಮೆತ್ತಗಾಗುವುದೂ ನೀರಿನಿಂದಲೇ. ಹೀಗಾಗಿ ನೀರು ಕಡಿಮೆಯಾದಾಗ ಕೋಳಿ ಮೇವನ್ನೂ ಬಿಡುತ್ತದೆ, ಅದರ ಹಿಂದೆಯೇ ಮೊಟ್ಟೆಯೂ ಕಡಿಮೆಯಾಗುತ್ತದೆ. ಒಂದು ಇಡೀ ದಿನ ನೀರು ಸಿಗದಿದ್ದರೆ ಮೊಟ್ಟೆಯ ಎಣಿಕೆ ಮತ್ತೆ ಮೊದಲಿನಂತಾಗಲು ಹಲವು ದಿನ ಹಿಡಿಯುತ್ತದೆ. ಅದಕ್ಕೂ ಹೆಚ್ಚು ಹೊತ್ತು ಕಳೆದರೆ ಕೋಳಿಗಳು ಗರಿ ಉದುರಿಸಿ ಮೊಟ್ಟೆಯಿಡುವುದನ್ನೇ ನಿಲ್ಲಿಸಿಬಿಡಬಹುದು.

ಆರು ಕೋಳಿಗಳ ಹಿಂಡಿಗೆ ಸಾಧಾರಣ ದಿನದಲ್ಲಿ ಒಂದೂವರೆ ಲೀಟರ್, ಬೇಸಿಗೆಯ ದಿನದಲ್ಲಿ ಮೂರು ಲೀಟರ್ ಬೇಕು. ಚೆಲ್ಲುವುದನ್ನೂ ಅನಿರೀಕ್ಷಿತ ಅಡಚಣೆಯನ್ನೂ ಸೇರಿಸಿ, ಬೇಸಿಗೆಯ ಲೆಕ್ಕದಂತೆ ಎರಡು ದಿನಕ್ಕೆ ಸಾಕಾಗುವಷ್ಟು, ಅಂದರೆ ಐದಾರು ಲೀಟರ್ ಹಿಡಿಯುವ ಏರ್ಪಾಡು ಸೂಕ್ತ. ಇದಕ್ಕಿಂತ ತೀರ ದೊಡ್ಡದನ್ನು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತು ಲೀಟರಿನ ಪಾತ್ರೆ ಆರು ಕೋಳಿಗಳಿಗೆ ವಾರಗಟ್ಟಲೆ ಬರುತ್ತದೆ ಎಂಬುದು ನಿಜ, ಆದರೆ ಅದರ ತಳದ ನೀರೂ ಅಷ್ಟೇ ವಾರಗಳ ಹಳೆಯದಾಗಿರುತ್ತದೆ.

ಯಾವ ಬಗೆಯನ್ನು ಆರಿಸಬೇಕು

ತೆರೆದ ಬೋಗುಣಿ ಎಲ್ಲಕ್ಕಿಂತ ಸರಳ. ಕೋಳಿಗೆ ಯಾವ ಕಲಿಕೆಯೂ ಬೇಕಿಲ್ಲ, ತೊಳೆಯಲು ಅರೆ ನಿಮಿಷ ಸಾಕು. ಆದರೆ ಅದು ಎಲ್ಲಕ್ಕಿಂತ ಬೇಗ ಕೊಳೆಯಾಗುತ್ತದೆ, ಮಗುಚಿಕೊಳ್ಳುತ್ತದೆ, ಕಾಡು ಹಕ್ಕಿಗಳನ್ನೂ ಕರೆಯುತ್ತದೆ. ಕಾಡು ಹಕ್ಕಿಗಳ, ಅದರಲ್ಲೂ ಬಾತುಗಳಂಥ ನೀರುಹಕ್ಕಿಗಳ ಹಿಕ್ಕೆಯಿಂದ ಹಕ್ಕಿಜ್ವರದ ವೈರಸ್ಸು ನೀರಿಗೆ ಸೇರುವ ಅಪಾಯವಿರುವುದರಿಂದ, ಬಯಲಿನಲ್ಲಿ ತೆರೆದ ನೀರನ್ನು ಇಡುವುದನ್ನು ಹಗುರವಾಗಿ ಕಾಣಬಾರದು. ಬೋಗುಣಿಯನ್ನೇ ಬಳಸುವವರು ಭಾರವಾದ ತಳದ್ದನ್ನು ಆರಿಸಿ, ಸೂರಿನ ಕೆಳಗಿಟ್ಟು, ದಿನಕ್ಕೆ ಎರಡು ಸಲವಾದರೂ ನೀರು ಬದಲಿಸಬೇಕು.

ಮೇಲೆ ನೀರಿನ ಜಾಡಿ, ಕೆಳಗೆ ಸುತ್ತಲೂ ಅಂಚುಳ್ಳ ತಟ್ಟೆ ಇರುವ ಪಾತ್ರೆ ಹೆಚ್ಚು ಮನೆಗಳಲ್ಲಿ ಕಾಣಸಿಗುತ್ತದೆ. ಇದು ಗಾಳಿಯ ಒತ್ತಡದಿಂದ ನಡೆಯುತ್ತದೆ. ತಟ್ಟೆಯ ನೀರು ಜಾಡಿಯ ತೂತಿಗಿಂತ ಕೆಳಗಿಳಿದಾಗ ಗಾಳಿ ಒಳಗೆ ನುಗ್ಗಿ ಅಷ್ಟು ನೀರು ಹೊರಬರುತ್ತದೆ, ತೂತು ಮುಚ್ಚಿದೊಡನೆ ಹರಿವು ನಿಲ್ಲುತ್ತದೆ. ಇದಕ್ಕೆ ಎರಡು ಷರತ್ತುಗಳಿವೆ: ಜಾಡಿಯಲ್ಲಿ ಕೂದಲೆಳೆಯಷ್ಟೂ ಬಿರುಕಿರಬಾರದು, ಪಾತ್ರೆ ಸಮತಟ್ಟಾದ ಜಾಗದಲ್ಲಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ನೀರೆಲ್ಲ ಸೋರಿ ಹಾಸು ತೊಯ್ದುಹೋಗುತ್ತದೆ. ಬಿಸಿಲಿಗೆ ಒಡ್ಡಿದ ಪ್ಲಾಸ್ಟಿಕ್ ಜಾಡಿ ಒಂದೆರಡು ವರ್ಷಗಳಲ್ಲಿ ಪೆಡಸಾಗಿ ಬಿರಿಯುವುದರಿಂದ ನೆರಳಿನಲ್ಲಿಡುವುದು ಲೇಸು. ಸತು ಲೇಪಿಸಿದ ತಗಡಿನ ಪಾತ್ರೆ ಹೆಚ್ಚು ಬಾಳಿಕೆ ಬರುತ್ತದೆ, ಆದರೆ ಅದರ ಒಂದು ಮಿತಿಯನ್ನು ಮುಂದೆ ಹೇಳುತ್ತೇನೆ.

ಬಟ್ಟಲಿನ ಬಗೆಯಲ್ಲಿ ಕೊಳವೆಗೋ ಬಕೆಟ್ಟಿಗೋ ಚಿಕ್ಕ ಬಟ್ಟಲುಗಳು ಜೋಡಿಸಲ್ಪಟ್ಟಿರುತ್ತವೆ. ಕೆಲವಲ್ಲಿ ಒಳಗಿನ ನಾಲಗೆಯನ್ನು ಕುಕ್ಕಿದರೆ ನೀರು ಬರುತ್ತದೆ, ಕೆಲವಲ್ಲಿ ತೇಲುವ ಗುಂಡು ನೀರಿನ ಮಟ್ಟವನ್ನು ತಾನೇ ಕಾಯುತ್ತದೆ. ಕೋಳಿಗಳು ಇದನ್ನು ಬೇಗ ಕಲಿಯುತ್ತವೆ, ಚೆಲ್ಲುವುದೂ ಕಡಿಮೆ. ಆದರೆ ಬಟ್ಟಲು ಚಿಕ್ಕದಾದ್ದರಿಂದ ಮೇವಿನ ಹಿಟ್ಟು ಅದರಲ್ಲಿ ಅಂಟಂಟಾಗಿ ಕೂರುತ್ತದೆ, ದಿನವೂ ಬೆರಳಿನಿಂದ ಉಜ್ಜಿ ತೆಗೆಯಬೇಕಾಗುತ್ತದೆ.

ಇನ್ನು ನಿಪ್ಪಲ್. ಕೆಳಗೆ ಇಳಿಬಿದ್ದ ಲೋಹದ ಕಡ್ಡಿಯನ್ನು ಕೊಕ್ಕಿನಿಂದ ತಟ್ಟಿದರೆ ನೀರು ಹನಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ನೀರು ಎಲ್ಲಿಯೂ ತೆರೆದಿರುವುದಿಲ್ಲವಾದ್ದರಿಂದ ಹಿಕ್ಕೆ, ಧೂಳು, ಕಾಡು ಹಕ್ಕಿ ಯಾವುದೂ ಅದನ್ನು ಮುಟ್ಟಲಾರವು. ಸ್ವಚ್ಛತೆಯ ದೃಷ್ಟಿಯಿಂದ ಇದಕ್ಕೆ ಸಮನಾದದ್ದು ಇಲ್ಲ, ಹಿತ್ತಲಿನ ಬೆಳೆದ ಕೋಳಿಗಳಿಗೆ ನಾನು ಶಿಫಾರಸು ಮಾಡುವುದೂ ಇದನ್ನೇ. ಆದರೆ ನೀರನ್ನು ಕೊಳೆಯಿಂದ ಮರೆಮಾಡುವ ಈ ವ್ಯವಸ್ಥೆ ನಮ್ಮ ಕಣ್ಣಿನಿಂದಲೂ ಅದನ್ನು ಮರೆಮಾಡುತ್ತದೆ. ಬೋಗುಣಿ ಬತ್ತಿದರೆ ದೂರದಿಂದಲೇ ಕಾಣುತ್ತದೆ, ಕಟ್ಟಿಕೊಂಡ ನಿಪ್ಪಲ್ ಕಾಣುವುದಿಲ್ಲ. ದಿನಕ್ಕೊಮ್ಮೆ ಪ್ರತಿಯೊಂದನ್ನೂ ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ ಸಾಧ್ಯವಿಲ್ಲದವರು ಬಟ್ಟಲನ್ನೋ ಜಾಡಿಯನ್ನೋ ಆರಿಸುವುದೇ ಸುರಕ್ಷಿತ.

ನಿಪ್ಪಲ್ ಬಕೆಟ್ ಜೋಡಿಸುವ ಕ್ರಮ

ಮುಚ್ಚಳವಿರುವ, ಆಹಾರ ತುಂಬಿಡಲು ಯೋಗ್ಯವಾದ ಪ್ಲಾಸ್ಟಿಕ್ಕಿನ ಬಕೆಟ್ಟನ್ನು ಆರಿಸಿಕೊಳ್ಳಿ. ಬಣ್ಣವೋ ಕೀಟನಾಶಕವೋ ತುಂಬಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಬಳಸಬಾರದು. ಬಕೆಟ್ ಬೆಳಕನ್ನು ಒಳಬಿಡದಂತಿರಬೇಕು, ಏಕೆಂದರೆ ಬೆಳಕು ಬಿದ್ದ ನೀರಿನಲ್ಲಿ ಕೆಲವೇ ದಿನಗಳಲ್ಲಿ ಪಾಚಿ ಕಟ್ಟುತ್ತದೆ.

ಎರಡನೆಯದಾಗಿ ತೂತು. ನಿಪ್ಪಲ್ಲಿನ ತಿರುಪಿನ ಅಳತೆ ಒಂದೊಂದು ತಯಾರಿಕೆಯಲ್ಲಿ ಒಂದೊಂದಾಗಿರುತ್ತದೆ. ಪೊಟ್ಟಣದ ಮೇಲೆ ಸೂಚಿಸಿದ ಅಳತೆಯ ಡ್ರಿಲ್ ಬಿಟ್ಟನ್ನೇ ಬಳಸಿ. ತೂತು ಒಂದಿಷ್ಟು ದೊಡ್ಡದಾದರೂ ಸೋರಿಕೆ ನಿಲ್ಲದು. ಬಕೆಟ್ಟಿನ ತಳದಲ್ಲಿ, ಅಂಚಿನಿಂದ ಒಂದಿಷ್ಟು ಒಳಗೆ, ಒಂದಕ್ಕೊಂದು ಗೇಣುದ್ದ ಅಂತರ ಬಿಟ್ಟು ತೂತು ಕೊರೆಯಿರಿ. ಒಂದು ನಿಪ್ಪಲ್ ಎಂಟರಿಂದ ಹತ್ತು ಕೋಳಿಗಳಿಗೆ ಸಾಕೆಂಬುದು ಸಾಕಾಣಿಕೆಯ ಸಾಮಾನ್ಯ ಲೆಕ್ಕ. ಮನೆಯ ಹಿಂಡಿನಲ್ಲಿ ನಾನು ಮೂರು ನಾಲ್ಕು ಕೋಳಿಗಳಿಗೊಂದರಂತೆ ಇಡುತ್ತೇನೆ, ಹಿಂಡು ಎಷ್ಟೇ ಚಿಕ್ಕದಿದ್ದರೂ ಎರಡಕ್ಕಿಂತ ಕಡಿಮೆ ಇಡುವುದಿಲ್ಲ, ಏಕೆಂದರೆ ಒಂದು ಕಟ್ಟಿಕೊಂಡಾಗ ಇನ್ನೊಂದಾದರೂ ಇರಬೇಕು.

ತೂತಿನ ಅಂಚಿನ ಸಿಬಿರನ್ನು ಚಾಕುವಿನಿಂದ ಸವರಿ, ಉದುರಿದ ಪ್ಲಾಸ್ಟಿಕ್ ಚೂರುಗಳನ್ನೆಲ್ಲ ತೊಳೆದು ತೆಗೆಯಿರಿ. ಅವೇ ಮುಂದೆ ನಿಪ್ಪಲ್ಲಿನೊಳಗೆ ಸಿಕ್ಕಿ ಸೋರಿಕೆಗೆ ಕಾರಣವಾಗುತ್ತವೆ. ತಿರುಪಿಗೆ ನಲ್ಲಿ ಜೋಡಿಸುವಾಗ ಸುತ್ತುವ ಬಿಳಿ ಟೇಪನ್ನು ಎರಡು ಮೂರು ಸುತ್ತು ಸುತ್ತಿ, ವಾಷರ್ ಇಟ್ಟು, ನೇರವಾಗಿ ಬಿಗಿಯಿರಿ. ವಾರೆಯಾಗಿ ಕೂತ ನಿಪ್ಪಲ್ ಹನಿಯುತ್ತಲೇ ಇರುತ್ತದೆ. ಬಕೆಟ್ ತುಂಬಿ, ತೂಗುಹಾಕಿ, ಕೆಳಗೆ ಒಣ ಕಾಗದ ಹಾಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಕಾಗದ ಒಣಗಿದ್ದರೆ ಜೋಡಣೆ ಸರಿಯಾಗಿದೆ.

ನಾಲ್ಕನೆಯ ಹೆಜ್ಜೆಯನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಬಕೆಟ್ ಮಾಡಿದಾಗ ಧೂಳು ಬೀಳದಿರಲೆಂದು ಮುಚ್ಚಳವನ್ನು ಬಿಗಿಯಾಗಿ ಒತ್ತಿ ಮುಚ್ಚಿದ್ದೆ. ಮರುದಿನ ಮಧ್ಯಾಹ್ನ ನೋಡಿದಾಗ ಕೋಳಿಗಳು ಬಕೆಟ್ಟಿನ ಕೆಳಗೇ ಗುಂಪುಗೂಡಿ ಕಡ್ಡಿಗಳನ್ನು ಟಕಟಕನೆ ತಟ್ಟುತ್ತಿದ್ದವು, ಬಕೆಟ್ಟಿನಲ್ಲಿ ಮಾತ್ರ ನೀರು ಬಹುಮಟ್ಟಿಗೆ ತುಂಬಿದಂತೆಯೇ ಇತ್ತು. ಬೆರಳಿನಿಂದ ಒತ್ತಿದರೆ ಒಂದು ಹನಿಯೂ ಬರಲಿಲ್ಲ. ಮುಚ್ಚಳವನ್ನು ಎತ್ತಿದೊಡನೆ ಒಳಕ್ಕೆ ಗಾಳಿ ನುಗ್ಗಿದ ಸದ್ದಾಯಿತು, ಒತ್ತಿದಲ್ಲೆಲ್ಲ ನೀರು ಹರಿಯಿತು. ಗಾಳಿ ಒಳಗೆ ಬರದೆ ನೀರು ಹೊರಗೆ ಹೋಗಲಾರದು. ಜಾಡಿಯ ಬಗೆಯನ್ನು ನಡೆಸುವ ಒತ್ತಡವೇ ಇಲ್ಲಿ ನೀರನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಮುಚ್ಚಳದ ಅಂಚಿನಲ್ಲಿ ಒಂದೆರಡು ಸಣ್ಣ ತೂತುಗಳನ್ನು ಕೊರೆದು, ಸೊಳ್ಳೆ ಹೋಗದಂತೆ ಅವಕ್ಕೆ ಸಣ್ಣ ಜಾಲರಿ ಅಂಟಿಸಿ.

ಕೊಳವೆಯಲ್ಲಿ ಸಾಲಾಗಿ ನಿಪ್ಪಲ್ ಹಾಕುವವರು ಅದನ್ನು ನಲ್ಲಿಗೆ ನೇರವಾಗಿ ಜೋಡಿಸಬಾರದು. ಈ ನಿಪ್ಪಲ್ಲುಗಳು ಕಡಿಮೆ ಒತ್ತಡಕ್ಕೆ ಮಾಡಿದವು. ನಲ್ಲಿಯ ಒತ್ತಡಕ್ಕೆ ಅವು ಸೋರುತ್ತವೆ, ಇಲ್ಲವೇ ಕೋಳಿ ತಟ್ಟಿದರೂ ತೆರೆಯದಷ್ಟು ಬಿಗಿಯಾಗುತ್ತವೆ. ಫ್ಲೋಟ್ ವಾಲ್ವ್ (ತೊಟ್ಟಿ ತುಂಬಿದೊಡನೆ ತೇಲುವ ಗುಂಡಿನಿಂದ ನೀರನ್ನು ತಾನೇ ನಿಲ್ಲಿಸುವ ಕವಾಟ) ಇರುವ ಒಂದು ಚಿಕ್ಕ ತೊಟ್ಟಿಯನ್ನು ಕೊಳವೆಗಿಂತ ಮೇಲಿಟ್ಟು, ಅಲ್ಲಿಂದ ನೀರು ತಾನಾಗಿ ಇಳಿಯುವಂತೆ ಮಾಡಿ. ಕೊಳವೆಯ ತುದಿಗೆ ಬಿಚ್ಚಬಹುದಾದ ಬಿರಡೆ ಇರಲಿ. ಅದಿಲ್ಲದಿದ್ದರೆ ಒಳಗಿನ ಗಸಿಯನ್ನು ಹೊರಹಾಕುವ ದಾರಿಯೇ ಇರುವುದಿಲ್ಲ.

ಕೋಳಿಗಳಿಗೆ ಕಲಿಸುವಾಗ ಆತುರ ಬೇಡ. ಹಳೆಯ ಪಾತ್ರೆಯನ್ನು ಒಮ್ಮೆಲೇ ತೆಗೆಯದೆ, ಹೊಸದನ್ನು ಅದರ ಪಕ್ಕದಲ್ಲಿಟ್ಟು, ಅವುಗಳ ಎದುರಿನಲ್ಲೇ ಕಡ್ಡಿಯನ್ನು ತಟ್ಟಿ ಹನಿ ಹೊಳೆಯುವುದನ್ನು ತೋರಿಸಿ. ಹೊಳೆಯುವುದನ್ನು ಕುಕ್ಕುವುದು ಕೋಳಿಯ ಸ್ವಭಾವ. ಒಂದು ಕಲಿತರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ. ಎಳೆಯ ಕೋಳಿಗಳು ಒಂದೆರಡು ದಿನದಲ್ಲಿ ಹಿಡಿಯುತ್ತವೆ, ವಯಸ್ಸಾದವಕ್ಕೆ ವಾರ ಬೇಕಾಗಬಹುದು. ಪ್ರತಿಯೊಂದು ಕೋಳಿಯೂ ನಿಪ್ಪಲ್ಲಿನಿಂದ ಕುಡಿದದ್ದನ್ನು ಕಣ್ಣಾರೆ ನೋಡುವವರೆಗೆ ಹಳೆಯದನ್ನು ಪೂರ್ತಿಯಾಗಿ ತೆಗೆಯಬಾರದು, ಸುಡುಬಿಸಿಲಿನ ದಿನಗಳಲ್ಲಂತೂ ಈ ಬದಲಾವಣೆಗೆ ಕೈಹಾಕಲೇಬಾರದು.

ಎಲ್ಲಿ, ಎಷ್ಟು ಎತ್ತರದಲ್ಲಿ

ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಬೇಕು. ಅದಕ್ಕಿಂತ ಕೆಳಗಿದ್ದರೆ ಹಾಸು ಕೆದಕಿ ತುಂಬುತ್ತವೆ. ನಿಪ್ಪಲ್ ಮಾತ್ರ ತಲೆಗಿಂತ ಮೇಲಿರಬೇಕು. ಕೋಳಿ ಎರಡೂ ಪಾದಗಳನ್ನು ನೆಲಕ್ಕೂರಿ ನಿಂತು, ಕತ್ತನ್ನು ಮೇಲಕ್ಕೆ ಚಾಚಿ ಮುಟ್ಟುವಂತಿದ್ದರೆ ಹನಿ ನೇರ ಬಾಯಿಗೆ ಬೀಳುತ್ತದೆ. ತೀರ ಕೆಳಗಿದ್ದರೆ ಕೋಳಿ ಪಕ್ಕದಿಂದ ತಟ್ಟುತ್ತದೆ, ಆಗ ಅರ್ಧ ನೀರು ನೆಲದ ಪಾಲು. ಬೆಳೆಯುವ ಕೋಳಿಗಳಿಗೆ ವಾರಕ್ಕೊಮ್ಮೆ ಎತ್ತರವನ್ನು ಸರಿಪಡಿಸುತ್ತಿರಬೇಕು, ಹಾಗಾಗಿ ತೂಗುವ ಸರಪಳಿಯೋ ಹಗ್ಗವೋ ಅನುಕೂಲ.

ರಾತ್ರಿ ಕೂರುವ ಅಡ್ಡಕೋಲಿನ ಕೆಳಗೆ ನೀರಿಡಬಾರದೆಂಬುದನ್ನು ವಿವರಿಸಬೇಕಿಲ್ಲ. ಮೇವಿನಿಂದ ಕೆಲವು ಹೆಜ್ಜೆ ದೂರ, ದಿನವಿಡೀ ನೆರಳಿರುವ ಜಾಗ ಒಳ್ಳೆಯದು. ಸಾಧ್ಯವಿದ್ದರೆ ಎರಡು ಕಡೆ ಇಡಿ. ಹಿಂಡಿನಲ್ಲಿ ಮೇಲುಗೈಯಾದ ಕೋಳಿ ಒಂದೇ ಪಾತ್ರೆಯ ಮುಂದೆ ನಿಂತು ದುರ್ಬಲವಾದದ್ದನ್ನು ಹತ್ತಿರ ಬಿಡದಿರುವುದು ಸಾಮಾನ್ಯ. ಎರಡನೆಯ ಪಾತ್ರೆ ಮೊದಲನೆಯದರಿಂದ ಕಾಣದ ಮರೆಯಲ್ಲಿದ್ದರೆ ಆ ಬಡಪಾಯಿಗೂ ನೆಮ್ಮದಿಯಾಗಿ ನೀರು ಸಿಗುತ್ತದೆ.

ಪಾತ್ರೆಯ ಕೆಳಗಿನ ನೆಲ ಒಣಗಿರುವುದು ಪಾತ್ರೆಯೊಳಗಿನ ನೀರಿನಷ್ಟೇ ಮುಖ್ಯ. ರಕ್ತಭೇದಿಗೆ ಕಾರಣವಾಗುವ ಕಾಕ್ಸಿಡಿಯಾ ಎಂಬ ಪರೋಪಜೀವಿಯ ಅಂಡಕೋಶಗಳು ಹಿಕ್ಕೆಯಲ್ಲಿ ಹೊರಬಂದು, ತೇವ ಮತ್ತು ಬೆಚ್ಚಗಿನ ಹಾಸಿನಲ್ಲಿ ಒಂದೆರಡು ದಿನಗಳಲ್ಲೇ ಸೋಂಕು ತಗುಲಿಸುವ ಸ್ಥಿತಿಗೆ ಬರುತ್ತವೆ. ನೀರಿಗೆ ಹಾಕುವ ಕ್ಲೋರಿನ್ ಅವನ್ನು ಕೊಲ್ಲುವುದಿಲ್ಲ. ಒಣ ನೆಲವೇ ಅವಕ್ಕೆ ತಡೆ. ಆದ್ದರಿಂದ ಪಾತ್ರೆಯನ್ನು ಜಾಲರಿ ಹೊದಿಸಿದ ಚೌಕಟ್ಟಿನ ಮೇಲೋ ಜಲ್ಲಿಕಲ್ಲಿನ ಹಾಸಿನ ಮೇಲೋ ಇಟ್ಟು, ತೊಯ್ದ ಹಾಸನ್ನು ಅಂದೇ ತೆಗೆದುಹಾಕಿ.

ತೊಳೆಯುವುದು

ಸ್ವಚ್ಛವಾಗಿ ಕಾಣುವ ಪಾತ್ರೆಯ ಒಳಗೋಡೆಯ ಮೇಲೆ ಬೆರಳಾಡಿಸಿ ನೋಡಿ. ಜಾರಿದರೆ, ಬೆರಳಿಗೆ ಮೀನಿನ ಮೈಯಂಥ ನುಣುಪು ತಾಗಿದರೆ, ಅಲ್ಲಿ ಲೋಳೆ ಕಟ್ಟಿದೆ. ಬ್ಯಾಕ್ಟೀರಿಯಾಗಳು ಗೋಡೆಗೆ ಅಂಟಿ, ತಮ್ಮ ಸುತ್ತ ತಾವೇ ನೆಯ್ದುಕೊಳ್ಳುವ ಪದರವದು. ಅದರ ಮರೆಯಲ್ಲಿರುವ ಜೀವಿಗಳನ್ನು ಕ್ಲೋರಿನ್ ಸುಲಭವಾಗಿ ತಲುಪಲಾರದು. ಎಷ್ಟು ಸಲ ನೀರು ಬದಲಿಸಿದರೂ, ಔಷಧಿ ಬೆರೆಸಿದರೂ, ಉಜ್ಜದ ಹೊರತು ಲೋಳೆ ಹೋಗುವುದಿಲ್ಲ. ನೀರು ಬದಲಿಸಿದ್ದನ್ನೇ ತೊಳೆದದ್ದೆಂದು ಭಾವಿಸುವುದು ಈ ಕೆಲಸದಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು.

ದಿನವೂ ಬೆಳಗ್ಗೆ ಉಳಿದ ನೀರನ್ನು ಗೂಡಿನಿಂದ ದೂರ ಚೆಲ್ಲಿ, ತಟ್ಟೆಯನ್ನು ಬ್ರಷ್ಷಿನಿಂದ ಒಮ್ಮೆ ಉಜ್ಜಿ, ತಾಜಾ ನೀರು ತುಂಬಿ. ನಿಪ್ಪಲ್ ಬಕೆಟ್ ಆದರೆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬಹುದು, ಬೆರಳಿನಿಂದ ಒತ್ತಿ ನೋಡುವುದು ಮಾತ್ರ ದಿನವೂ ಆಗಬೇಕು. ಈ ಕೆಲಸಕ್ಕೆಂದೇ ಒಂದು ಬ್ರಷ್ಷನ್ನು ಬೇರೆ ಇಡಿ. ಅಡುಗೆಮನೆಯ ಪಾತ್ರೆಗಳ ಜೊತೆ ಇದನ್ನು ತೊಳೆಯಬಾರದು, ಏಕೆಂದರೆ ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲೂ ಮನುಷ್ಯರಿಗೆ ಭೇದಿ ತರಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು.

ವಾರಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಪೂರ್ತಿ ತೊಳೆಯಿರಿ. ಮೊದಲು ಎಲ್ಲ ಭಾಗಗಳನ್ನೂ ಬಿಚ್ಚಿ, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಲೋಳೆಯ ಜಾರು ಹೋಗುವವರೆಗೆ ಉಜ್ಜಿ. ಅನಂತರ ಸುವಾಸನೆ ಸೇರಿಸದ ಮನೆಬಳಕೆಯ ಬ್ಲೀಚನ್ನು ಲೀಟರ್ ನೀರಿಗೆ 10 ಮಿಲಿಲೀಟರ್‌ನಂತೆ ಬೆರೆಸಿ, ಅದರಲ್ಲಿ ಹದಿನೈದು ಇಪ್ಪತ್ತು ನಿಮಿಷ ನೆನೆಸಿ, ವಾಸನೆ ಹೋಗುವಂತೆ ಚೆನ್ನಾಗಿ ಜಾಲಾಡಿಸಿ, ಬಿಸಿಲಿನಲ್ಲಿ ಒಣಗಿಸಿ. ಈ ಕ್ರಮ ತಲೆಕೆಳಗಾಗಬಾರದು. ಕೊಳೆಯಿರುವ ಪಾತ್ರೆಗೆ ಬ್ಲೀಚ್ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಯ ಮೇಲೆಯೇ ವ್ಯಯವಾಗುತ್ತದೆ. ಒಂದೇ ಬಗೆಯ ಎರಡು ಪಾತ್ರೆಗಳಿದ್ದರೆ ಒಂದು ಒಣಗುತ್ತಿರುವಾಗ ಇನ್ನೊಂದು ಬಳಕೆಯಲ್ಲಿರುತ್ತದೆ, ಕೆಲಸವೂ ಹಗುರವಾಗುತ್ತದೆ.

ಗಡಸು ನೀರಿನ ಬಿಳಿ ಪೊರೆ ಕಟ್ಟಿದರೆ ವಿನೆಗರ್ ಬೇಕಾಗುತ್ತದೆ. ಸಮಪಾಲು ನೀರು ಬೆರೆಸಿದ ವಿನೆಗರಿನಲ್ಲಿ ನಿಪ್ಪಲ್ಲುಗಳನ್ನೂ ಬಟ್ಟಲುಗಳನ್ನೂ ಒಂದು ಗಂಟೆ ನೆನೆಸಿದರೆ ಪೊರೆ ಕರಗುತ್ತದೆ. ಆದರೆ ವಿನೆಗರನ್ನೂ ಬ್ಲೀಚನ್ನೂ ಎಂದಿಗೂ ಒಟ್ಟಿಗೆ ಬಳಸಬಾರದು. ಎರಡೂ ಸೇರಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ. ಒಂದನ್ನು ಬಳಸಿ, ಪೂರ್ತಿ ತೊಳೆದು, ಬೇಕಿದ್ದರೆ ಇನ್ನೊಂದನ್ನು ಬೇರೆ ದಿನ ಬಳಸಿ. ಸತು ಲೇಪಿಸಿದ ಪಾತ್ರೆಯ ಮಿತಿ ಎಂದು ಮೇಲೆ ಹೇಳಿದ್ದು ಇದನ್ನೇ: ವಿನೆಗರ್‌ನಂಥ ಹುಳಿ ಪದಾರ್ಥ ಸತುವನ್ನು ಕರಗಿಸಿ ನೀರಿಗೆ ಸೇರಿಸುತ್ತದೆ, ಹೆಚ್ಚಾದ ಸತು ಕೋಳಿಗೆ ವಿಷ. ಕುಡಿಯುವ ನೀರಿಗೆ ವಿನೆಗರ್ ಬೆರೆಸುವ ರೂಢಿಯುಳ್ಳವರು ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸಬೇಕು.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಮೊದಲೇ ಇದ್ದರೆ ಮತ್ತೆ ಬೆರೆಸಬೇಕಿಲ್ಲ. ಬಾವಿಯ ನೀರೋ ಮಳೆನೀರೋ ಆದರೆ, ಶೇಕಡಾ 5ರ ಬ್ಲೀಚನ್ನು ಹತ್ತು ಲೀಟರಿಗೆ 1 ಮಿಲಿಲೀಟರ್ ಬೆರೆಸಿದರೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ; ಅದಕ್ಕಿಂತ ಹೆಚ್ಚಿಸಿದರೆ ರುಚಿ ಕೆಟ್ಟು ಕೋಳಿ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ಬಾವಿಯ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಬ್ಬಿಣದ ಅಂಶ ಹೆಚ್ಚಿದ್ದರೆ ಕೆಂಪು ಗಸಿ ನಿಪ್ಪಲ್ಲನ್ನು ಕಟ್ಟುತ್ತದೆ, ಉಪ್ಪಿನ ಅಂಶ ಹೆಚ್ಚಿದ್ದರೆ ಹಿಕ್ಕೆ ನೀರಾಗುತ್ತದೆ. ಮಾಡಿನಿಂದ ಹಿಡಿದ ಮಳೆನೀರಿನಲ್ಲಿ ಹಕ್ಕಿಗಳ ಹಿಕ್ಕೆ ತೊಳೆದು ಬಂದಿರುತ್ತದಾದ್ದರಿಂದ ಮೊದಲ ನೀರನ್ನು ಹೊರಗೆ ಹರಿಯಬಿಡಬೇಕು.

ಮರಿಗಳು, ಬಿಸಿಲು, ಹಿಮ, ಲಸಿಕೆ

ಮರಿಗಳಿಗೆ ಅಂಚು ತಗ್ಗಾದ ತಟ್ಟೆಯೇ ಸರಿ. ಅದರಲ್ಲಿ ಗೋಲಿಗಳನ್ನೋ ನುಣುಪಾದ ಬೆಣಚುಕಲ್ಲುಗಳನ್ನೋ ತುಂಬಿ, ಅವುಗಳ ಸಂದಿನಲ್ಲಿ ಮಾತ್ರ ನೀರು ಕಾಣುವಂತೆ ಮಾಡದಿದ್ದರೆ ಮರಿ ಒಳಗೆ ಬಿದ್ದು ಮುಳುಗೀತು. ಒದ್ದೆಯಾದ ಮರಿ ಚಳಿಗೂ ಸಾಯಬಹುದು. ಗೂಡಿಗೆ ಬಿಟ್ಟ ದಿನ ಒಂದೊಂದರ ಕೊಕ್ಕನ್ನೂ ಮೆಲ್ಲಗೆ ನೀರಿಗೆ ತಾಗಿಸಿ ಬಿಡಿ. ಮೊದಲ ಕೆಲವು ದಿನ ನೀರು ಉಗುರುಬೆಚ್ಚಗಿರಲಿ, ಶಾಖದ ದೀಪದ ನೇರ ಕೆಳಗೆ ಮಾತ್ರ ಬೇಡ.

ಬೆಳೆದ ಕೋಳಿ ತಂಪಾದ ನೀರನ್ನು ಇಷ್ಟಪಡುತ್ತದೆ. ಕಾದ ನೀರನ್ನು ಎದುರಿಗಿದ್ದರೂ ಮುಟ್ಟುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಪಾತ್ರೆಗೆ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಬದಲಿಸಿ. ಬಿಸಿಲಿನಲ್ಲಿ ಹಾದುಬರುವ ಕೊಳವೆಯಾದರೆ ಬಿರಡೆ ಬಿಚ್ಚಿ ಕಾದ ನೀರನ್ನು ಹೊರಬಿಡಿ. ಸೊಳ್ಳೆಯ ಮರಿಹುಳುಗಳು ಬೆಚ್ಚಗಿನ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನಗಳಲ್ಲಿ ಹಾರಬಲ್ಲ ಸೊಳ್ಳೆಗಳಾಗುತ್ತವೆ, ಕೋಳಿಸಿಡುಬನ್ನು ಹರಡುವುದರಲ್ಲಿ ಸೊಳ್ಳೆಗೂ ಪಾಲಿದೆ. ಬಳಸದ ಪಾತ್ರೆಗಳನ್ನೂ ಕವುಚಿಡುವುದನ್ನು ಮರೆಯಬಾರದು.

ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವಲ್ಲಿ ನಿಪ್ಪಲ್ಲಿನ ಲೋಹದ ಕಡ್ಡಿಯೇ ಮೊದಲು ಗಟ್ಟಿಯಾಗುತ್ತದೆ. ಅಂಥ ದಿನಗಳಲ್ಲಿ ರಬ್ಬರಿನ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರನ್ನು ದಿನಕ್ಕೆ ಮೂರು ಸಲ ಕೊಡುವುದು ನಂಬಿಕೆಯ ದಾರಿ. ಮಂಜುಗಡ್ಡೆಯಾದರೆ ಬೋಗುಣಿಯನ್ನು ಮಗುಚಿ ಒದರಿದರೆ ಸಾಕು. ಬಾಯಿ ಅಗಲವಾದ ಪಾತ್ರೆಯಲ್ಲಿ ಗಲ್ಲದ ಕೆಳಗಿನ ಜೋಲು ತೊಯ್ದು ಹಿಮಗಾಯವಾಗುವುದುಂಟು, ಕಿರಿದಾದದ್ದನ್ನು ಆರಿಸಿ. ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲವಾದ್ದರಿಂದ ರಾತ್ರಿ ಪಾತ್ರೆಯನ್ನು ಹೊರಗೆ ತೆಗೆದಿಡಬಹುದು, ಬೆಳಗಾದೊಡನೆ ತುಂಬಿ ಇಟ್ಟರಾಯಿತು.

ನೀರಿನಲ್ಲಿ ಜೀವಂತ ಲಸಿಕೆ ಕೊಡುವುದಿದ್ದರೆ ಒಂದೆರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸಬೇಕು. ಅದು ಲಸಿಕೆಯ ವೈರಸ್ಸನ್ನೇ ಕೊಲ್ಲುತ್ತದೆ. ಪಾತ್ರೆಯಲ್ಲಿ ಬ್ಲೀಚಿನ ಅಂಶ ಉಳಿದಿರಬಾರದು. ಕೆನೆ ತೆಗೆದ ಹಾಲಿನ ಪುಡಿಯನ್ನು ಲೀಟರಿಗೆ 2.5 ಗ್ರಾಂನಂತೆ ಬೆರೆಸಿದರೆ ಉಳಿದ ಕ್ಲೋರಿನ್ ಶಮನವಾಗುತ್ತದೆ. ಲಸಿಕೆಯ ನೀರು ಮುಗಿದ ಮೇಲೆ ಹಾಲಿನ ಅಂಶ ಲೋಳೆಗೆ ಆಹಾರವಾಗದಂತೆ ಪಾತ್ರೆಯನ್ನು ಅಂದೇ ತೊಳೆಯಿರಿ.

ಮಟ್ಟದ ಗೆರೆ

ಬಕೆಟ್ಟಿನ ಒಳಗೋಡೆಯ ಮೇಲೆ ಅರ್ಧ ಲೀಟರಿಗೊಂದರಂತೆ ಗೆರೆ ಗೀಚಿ, ನಿತ್ಯ ಒಂದೇ ಹೊತ್ತಿನಲ್ಲಿ ಎಷ್ಟು ಇಳಿದಿದೆ ಎಂದು ನೋಡಿ. ಕಾಯಿಲೆ ಬಿದ್ದ ಹಿಂಡು ಹಲವು ಸಲ ಮೇವು ಬಿಡುವ ಮೊದಲೇ ನೀರನ್ನು ಕಡಿಮೆ ಮಾಡುತ್ತದೆ. ಹವೆ ಬದಲಾಗದಿದ್ದರೂ ಇಳಿತ ಕಡಿಮೆಯಾಗಿದ್ದರೆ ಮೊದಲು ಪ್ರತಿ ನಿಪ್ಪಲ್ಲನ್ನೂ ಒತ್ತಿ, ಮುಚ್ಚಳದ ಗಾಳಿತೂತನ್ನು ನೋಡಿ, ನೀರನ್ನು ಮೂಸಿ ನೋಡಿ. ಅವೆಲ್ಲ ಸರಿಯಿದ್ದರೆ ಒಂದೊಂದೇ ಕೋಳಿಯನ್ನು ಹಿಡಿದು ಜುಟ್ಟಿನ ಬಣ್ಣ, ಮೇವುಚೀಲ, ಹಿಕ್ಕೆ ಪರೀಕ್ಷಿಸಿ. ಇಳಿತ ಒಮ್ಮೆಗೇ ಹೆಚ್ಚಿದ್ದರೆ ಮೊದಲು ಬಕೆಟ್ಟಿನ ಕೆಳಗಿನ ಹಾಸನ್ನು ಮುಟ್ಟಿ ನೋಡಿ. ಅದು ಒದ್ದೆಯಿದ್ದರೆ ವಾಷರ್ ಬದಲಿಸುವ ಕೆಲಸವಿದೆ. ಒಣಗಿದ್ದರೆ ಆ ದಿನದ ಬಿಸಿಲನ್ನೂ ಮೇವಿನಲ್ಲಿರುವ ಉಪ್ಪನ್ನೂ ಗಮನಿಸಿ, ಎರಡರಲ್ಲೂ ಕಾರಣ ಕಾಣದೆ ಮರುದಿನವೂ ಹಾಗೆಯೇ ಮುಂದುವರಿದರೆ ಪಶುವೈದ್ಯರಿಗೆ ತೋರಿಸಿ, ಆ ಕೆಲವು ದಿನಗಳ ಅಳತೆಯನ್ನೂ ಬರೆದುಕೊಂಡು ಹೋಗಿ.